ಎಡಗಡೆಯ ಪಾಲು

ಹುಬ್ಬಳ್ಳಿಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಮೀರಿ ಜನರ ರಕ್ತ ತೆಗೆದಿದ್ದೇನೆ. ಅಷ್ಟು ವರ್ಷಗಳಲ್ಲಿ ಒಬ್ಬರ ರಕ್ತ ನೋಡಿ ಕೈಯಲ್ಲಿದ್ದ ನಳಿಗೆ ಕೆಳಗಿಟ್ಟದ್ದು ಒಂದೇ ಸಲ. ಅದು ನನ್ನ ಅಣ್ಣನ ರಕ್ತ.

ತೊಂಬತ್ತರ ದಶಕದ ನಡುವಿನ ವರ್ಷ. ನಾನು ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಅಣ್ಣ ಸೈನ್ಯದಲ್ಲಿದ್ದ. ಉತ್ತರದ ಗಡಿಯಲ್ಲಿ, ವರ್ಷವಿಡೀ ಹಿಮ ಕರಗದ ಎತ್ತರದ ಠಾಣೆಯೊಂದರಲ್ಲಿ ಚಳಿಗಾಲ ಕಳೆದು, ಎರಡು ತಿಂಗಳ ರಜೆಗೆ ಉಣಕಲ್ಲಿನ ಮನೆಗೆ ಬಂದಿದ್ದ. ಹೋಗುವಾಗ ಬಾಗಿಲ ತುಂಬ ಇದ್ದ ಆಳು, ಬಂದಾಗ ಕೋಲಿಗೆ ಅಂಗಿ ತೊಡಿಸಿದಂತೆ ಕಾಣುತ್ತಿದ್ದ. ಮುಖ ಸುಟ್ಟು ಕಪ್ಪಾಗಿತ್ತು. ಕಣ್ಣಿನ ಸುತ್ತ ಮಾತ್ರ ಕನ್ನಡಕದ ಆಕಾರದಲ್ಲಿ ಬಿಳುಪು ಉಳಿದಿತ್ತು. ತುಟಿ ಮತ್ತು ಉಗುರು ನೇರಳೆ ಹಣ್ಣು ತಿಂದವರ ಹಾಗಿದ್ದವು. ಅವ್ವ ಅವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಬಹಳ ಹೊತ್ತು ನೋಡಿದಳು. ಒಳಗೆ ಬಾ ಅನ್ನುವುದಕ್ಕೆ ಮರೆತಳು.

ನನಗೋ ನನ್ನ ಕೆಲಸವನ್ನು ಅಣ್ಣನಿಗೆ ತೋರಿಸುವ ಹುಮ್ಮಸ್ಸು. ಮರುದಿನ ಬೆಳಿಗ್ಗೆಯೇ ಅವನನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ಬೆರಳು ಚುಚ್ಚಿದೆ. ರಕ್ತ ಬರಲಿಲ್ಲ. ಒತ್ತಿದೆ. ನಿಧಾನಕ್ಕೆ ಒಂದು ಹನಿ ಎದ್ದು ನಿಂತಿತು, ಜೋನಿಬೆಲ್ಲದ ಹಾಗೆ, ಕಪ್ಪಗೆ, ದಪ್ಪಗೆ. ಆಗ ಹಿಮೋಗ್ಲೋಬಿನ್ ನೋಡುವುದು ಕಣ್ಣಳತೆಯ ಕೆಲಸವಾಗಿತ್ತು. ಆಮ್ಲವಿರುವ ಸಣ್ಣ ನಳಿಗೆಯಲ್ಲಿ ರಕ್ತ ಬಿಟ್ಟು, ಪಕ್ಕದಲ್ಲಿರುವ ಕಂದು ಗಾಜಿನ ಬಣ್ಣಕ್ಕೆ ಸಮ ಬರುವ ತನಕ ಹನಿಹನಿಯಾಗಿ ನೀರು ಹಾಕುತ್ತ ಕಲಕಬೇಕು. ಎಷ್ಟು ನೀರು ಹಿಡಿಯಿತೋ ಅದರ ಮೇಲೆ ಲೆಕ್ಕ. ನಮ್ಮ ಕಡೆಯ ಹೆಣ್ಣುಮಕ್ಕಳ ರಕ್ತಕ್ಕೆ ನಾಲ್ಕು ಹನಿ ಹೆಚ್ಚು ಬಿದ್ದರೆ ಬಣ್ಣವೇ ಹೋಗಿಬಿಡುತ್ತಿತ್ತು. ಅಣ್ಣನ ರಕ್ತ ನೀರು ಕುಡಿಯುತ್ತಲೇ ಹೋಯಿತು. ನಾನು ಹಾಕುತ್ತಲೇ ಹೋದೆ. ನಳಿಗೆಯ ಗೆರೆಗಳು ಮುಗಿಯುತ್ತ ಬಂದರೂ ಬಣ್ಣ ಇಳಿಯಲಿಲ್ಲ. ಒಳಗಿದ್ದದ್ದು ಮನುಷ್ಯನ ರಕ್ತವೇ ಅಲ್ಲವೇನೋ ಅನಿಸಿ ನಳಿಗೆ ಕೆಳಗಿಟ್ಟೆ.

ಲ್ಯಾಬ್ ನಡೆಸುತ್ತಿದ್ದ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಎದ್ದು ಬಂದು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಹೆದರಬ್ಯಾಡವಾ. ಅಲ್ಲಿ ಮ್ಯಾಲ ಗಾಳಿ ತೆಳು ಇರ್ತದ. ಸಿಕ್ಕಷ್ಟು ಗಾಳಿ ಹಿಡಕೊಳ್ಳಾಕ ಮೈ ರಕ್ತಾನ ದಪ್ಪ ಮಾಡಕೋತದ. ಕೆಳಗ ಬಂದಾನಲ್ಲ, ಇನ್ನ ಮೂರು ನಾಕು ವಾರದಾಗ ತಾನ ಇಳೀತದ."

ಸಕ್ಕರೆಯನ್ನೂ ನೋಡು ಅಂದರು. ನೋಡಿದೆ. ಇರಬೇಕಾದ್ದಕ್ಕಿಂತ ಕೆಳಗೇ ಇತ್ತು. ಅದಕ್ಕೂ ಅವರು ಆಶ್ಚರ್ಯಪಡಲಿಲ್ಲ. ಅಷ್ಟು ಎತ್ತರದಲ್ಲಿ ಮೈ ಸಕ್ಕರೆಯನ್ನು ಒಲೆಯಂತೆ ಉರಿಸಿಬಿಡುತ್ತದೆ, ಅದರ ಜೊತೆಗೆ ಹಸಿವೂ ಸಾಯುತ್ತದೆ, ಉಣ್ಣಬೇಕೆಂದು ನೆನಪಿಸಿಕೊಂಡು ಉಣ್ಣಬೇಕಾಗುತ್ತದೆ ಎಂದು ತಿಳಿಸಿ ತಮ್ಮ ಕುರ್ಚಿಗೆ ಹೋದರು. ಅಣ್ಣ ಬೆರಳಿಗೆ ಹತ್ತಿ ಒತ್ತಿಕೊಂಡು ಎಲ್ಲ ಕೇಳುತ್ತ ಕೂತಿದ್ದ. 

ಹಸಿವು ಸತ್ತದ್ದು ಮನೆಯಲ್ಲಿ ನಾವು ಕಂಡದ್ದೇ. ಅವ್ವ ಸಜ್ಜಕ ಮಾಡಿದಳು, ಹೋಳಿಗೆ ಮಾಡಿದಳು. ಅವನು ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿಯುತ್ತಿದ್ದ, ಮಣ್ಣು ಅಗಿದ ಹಾಗೆ. ನಮಗೆ ಅರ್ಥವಾಗದ್ದು ಇನ್ನೊಂದಿತ್ತು. ರೊಟ್ಟಿ ಹಾಕಿದರೆ ನಟ್ಟನಡುವೆ ಮುರಿಯುತ್ತಿದ್ದ. ಒಂದು ಅರ್ಧ ತಾನು ತಿನ್ನುತ್ತಿದ್ದ. ಇನ್ನೊಂದನ್ನು ತಾಟಿನ ಎಡ ಅಂಚಿಗೆ ಸರಿಸಿ ಬಿಡುತ್ತಿದ್ದ. ಪಲ್ಯ, ಅನ್ನ, ಹೋಳಿಗೆ, ಎಲ್ಲವೂ ಹಾಗೆಯೇ. ಏನಾದರೂ ಹರಕೆ ಹೊತ್ತಿದ್ದಾನೇನೋ ಎಂದು ಅವ್ವ ಮೊದಲ ವಾರ ಕೇಳಲಿಲ್ಲ. ಕೇಳಿದಾಗ ಅವನು ಸಾಕಾಯಿತು ಅಂದ. ಸಾಕಾದವನು ಎಲ್ಲವನ್ನೂ ಅಷ್ಟು ಅಳೆದು ಅರ್ಧ ಮಾಡುವುದಿಲ್ಲ.

ನನಗೆ ಮಾತ್ರ ಹೇಳಿದ. ಉಣಕಲ್ ಕೆರೆಯ ಏರಿಯ ಮೇಲೆ ಇಬ್ಬರೂ ಕೂತಿದ್ದೆವು, ಸಂಜೆ ಐದರ ಹೊತ್ತು, ಬಿಸಿಲು ಇನ್ನೂ ಇತ್ತು. ನೀರಿನ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದ. ಠಾಣೆಯಲ್ಲಿ ಅವರು ಆರು ಜನ. ಹೋದ ಕೆಲವು ವಾರಗಳಲ್ಲೇ ಚಹ ಮಾಡುವ ಪಾಳಿ ಯಾರದಿದ್ದರೂ ಮಗ್ಗು ಏಳು ಸಾಲಾಗಿ ಇಡುತ್ತಿದ್ದರಂತೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಯಾರೂ ಅದರ ಬಗ್ಗೆ ಮಾತೂ ಆಡಲಿಲ್ಲ.

"ಏಳನೇದು ಯಾರು ಕುಡೀತಿದ್ರು?" ಅಂದೆ.

"ಯಾರೂ ಇಲ್ಲ. ಹೆಪ್ಪುಗಟ್ಟತಿತ್ತು, ಚೆಲ್ಲತಿದ್ವಿ. ಮರುದಿನ ಮತ್ತ ತುಂಬತಿದ್ವಿ."

ಮುಂದೆ ಹೇಳಿದ್ದು ಇನ್ನೂ ಸಣ್ಣ ದನಿಯಲ್ಲಿ. ಒಂದು ದಿನ ಆರೂ ಜನ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು ಇಳಿದು ಬರುತ್ತಿದ್ದರು. ಇವನು ಕೊನೆಯವನು. ಹಿಮ ಬೀಳುತ್ತಿತ್ತು. ನೆಲ ಯಾವುದು ಆಕಾಶ ಯಾವುದು ತಿಳಿಯುವಂತಿರಲಿಲ್ಲ. ತನ್ನ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ, ಒಬ್ಬ ನಡೆಯುತ್ತಿದ್ದಾನೆ ಎಂಬುದು ಅವನಿಗೆ ಎಷ್ಟೋ ದಿನಗಳಿಂದ ಗೊತ್ತಿತ್ತು. ಅವತ್ತು ಆ ಒಬ್ಬ ನಿಂತುಬಿಟ್ಟ. ಅವನು ನಿಂತನೆಂದು ಅಣ್ಣನೂ ನಿಂತ. ಹಗ್ಗ ಬಿಗಿಯಿತೆಂದು ಮುಂದಿನ ಐವರೂ ನಿಂತರು. ಎಲ್ಲರಿಗಿಂತ ಮುಂದಿದ್ದವನ ಬೂಟಿನ ತುದಿಯಿಂದ ಹಿಮ ಸದ್ದಿಲ್ಲದೆ ಕುಸಿದು ಕೆಳಗೆ ಹೋಯಿತು. ಬಿದ್ದ ಸಪ್ಪಳ ಬರುತ್ತದೆಂದು ಕಾದರಂತೆ. ಬರಲೇ ಇಲ್ಲ.

"ಅವನ ಪಾಲು ತಗದಿಡತೇನಿ, ಅಷ್ಟ," ಅಂದ.

ಅವನು ನೋಡಲು ಹೇಗಿದ್ದಾನೆ ಎಂದು ಕೇಳಿದೆ. ಮುಖ ನೋಡಿಲ್ಲವಂತೆ. ತಾನು ತಿರುಗಿದಷ್ಟೂ ಅವನೂ ಸರಿದು, ಕಣ್ಣಿಗೆ ಸಿಗದಷ್ಟೇ ಹಿಂದೆ ಇರುತ್ತಿದ್ದನಂತೆ.

ಡಾಕ್ಟರು ಹೇಳಿದಂತೆ ನಾಲ್ಕನೇ ವಾರಕ್ಕೆ ರಕ್ತ ಇಳಿಯಿತು. ಹನಿ ಕೆಂಪಗೆ ಬಂತು. ಸಕ್ಕರೆ ಸರಿಹೋಯಿತು. ಒಂದು ಮಧ್ಯಾಹ್ನ ಅಣ್ಣ ಇಡೀ ರೊಟ್ಟಿ ತಿಂದು ಇನ್ನೊಂದು ಕೇಳಿದ. ಅವ್ವ ಅಡುಗೆಮನೆಯ ಮೂಲೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರಸಿಕೊಂಡಳು. ರಜೆ ಮುಗಿಸಿ ಹೋಗುವಾಗ ಅವನ ಮೈ ತುಂಬಿತ್ತು. ಕೆರೆಯ ಏರಿಯ ಮೇಲಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಕೆದಕಲಿಲ್ಲ.

ಅವನು ಸೈನ್ಯದಿಂದ ನಿವೃತ್ತನಾಗಿ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಗೇಟಿನ ಕಾವಲು ಸಿಕ್ಕಿತು. ಕಬ್ಬಿಣ ಕಾಸುವ ಕಾರ್ಖಾನೆ. ಹಿಮದಲ್ಲಿ ಇದ್ದು ಬಂದವನಿಗೆ ಆ ಝಳ ಹಿತವಾಗಿತ್ತಂತೆ. ಅಷ್ಟರಲ್ಲಿ ಅವನಿಗೆ ಮದುವೆಯಾಗಿತ್ತು, ಅವ್ವ ತೀರಿಕೊಂಡಿದ್ದಳು. ಉಣಕಲ್ಲಿನ ಮನೆಯಲ್ಲಿ ಅಣ್ಣ, ಅವನ ಹೆಂಡತಿ ಅಂದರೆ ನನ್ನ ವೈನಿ, ಅವರ ಮಗಳು. ನಾನು ಮದುವೆಯಾಗಿ ಲ್ಯಾಬಿನ ಹತ್ತಿರವೇ ಇದ್ದೆ. ಕುರ್ಚಿಯ ಕೆಲಸ, ವೈನಿಯ ಕೈಯ ಊಟ, ಎರಡು ಸೇರಿ ಅಣ್ಣ ದಪ್ಪಗಾದ. ರಾತ್ರಿ ನಾಲ್ಕೈದು ಸಲ ನೀರಿಗೆ ಏಳುತ್ತಾನೆ ಎಂದು ವೈನಿ ಹೇಳಿದಾಗಲೇ ನನಗೆ ಅನುಮಾನ ಬಂತು. ಅವನ ಮೂತ್ರವನ್ನು ನೀಲಿ ದ್ರಾವಣದಲ್ಲಿ ಹಾಕಿ ಕಾಸಿದೆ. ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅಷ್ಟು ಸಕ್ಕರೆ.

ಡಾಕ್ಟರು ಬೇರೆ ಊರುಗಳಿಂದ ಬರುವ ಮಾಜಿ ಸೈನಿಕರಲ್ಲೂ ಇದನ್ನು ಕಂಡಿದ್ದರು. ಮೇಲೆ ಇದ್ದಾಗ ಹುರಿಗಟ್ಟಿದ ಮೈ. ಕೆಳಗೆ ಬಂದ ಮೇಲೆ ಉಣ್ಣುವುದು ಬರುತ್ತದೆ, ನಡೆಯುವುದು ಹೋಗುತ್ತದೆ ಅಂದರು. ದಿನಕ್ಕೆ ಎರಡು ಗುಳಿಗೆ ಬರೆದುಕೊಟ್ಟರು, ಊಟಕ್ಕೆ ಮುಂಚೆ. ವೈನಿ ಅಕ್ಕಿ ಕಡಿಮೆ ಮಾಡಿದಳು, ಸಿಹಿ ನಿಲ್ಲಿಸಿದಳು. ಎರಡು ತಿಂಗಳಲ್ಲಿ ಅಣ್ಣನ ಅಂಕಿ ಚೆನ್ನಾಗಿ ಇಳಿಯಿತು. ನನಗೆ ಹೆಮ್ಮೆಯಾಗಿತ್ತು.

ಒಂದು ಭಾನುವಾರ ಹೋದಾಗ ವೈನಿ ನನ್ನನ್ನು ಹಿತ್ತಲಿಗೆ ಕರೆದಳು. ಬಟ್ಟೆ ಹಿಂಡುತ್ತ, ನನ್ನ ಮುಖ ನೋಡದೆ ಕೇಳಿದಳು.

"ನಿಮ್ಮಣ್ಣ ಮೊದಲ ಹಿಂಗ ಮಾಡತಿದ್ರೇನು? ರೊಟ್ಟಿ ಅರ್ಧಾ ಮುರದು ಎಡಕ್ಕ ಇಡತಾರ. ಏನಂದ್ರೂ ಮುಟ್ಟಂಗಿಲ್ಲ."

ಅಷ್ಟೇ ಅಲ್ಲ ಅಂದಳು. ಎರಡನೇ ಪಾಳಿ ಇರುವ ದಿನಗಳಲ್ಲಿ ಅಣ್ಣ ಬೆಳಿಗ್ಗೆ ಮನೆಯಲ್ಲಿರುತ್ತಾನೆ. ಹನ್ನೊಂದರ ಸುಮಾರಿಗೆ ಬಾಗಿಲ ಹತ್ತಿರ ಹೋದರೆ ಒಂದು ಕ್ಷಣ ನಿಂತು, ಪಕ್ಕಕ್ಕೆ ಸರಿದು, ಯಾರನ್ನೋ ಒಳಗೆ ಬಿಟ್ಟುಕೊಂಡು ಆಮೇಲೆ ತಾನು ಬರುತ್ತಾನೆ. ಮಗಳು ಅವನ ಎಡಕ್ಕೆ ಕೂತರೆ ಅಲ್ಲಿಂದ ಏಳಿಸುತ್ತಾನೆ, ಸಿಟ್ಟಿಲ್ಲದೆ, ಮೆಲ್ಲಗೆ. ವೈನಿ ಮಠಕ್ಕೆ ಹೋಗಿ ತಾಯಿತ ತಂದು ಬಾಗಿಲಿಗೆ ಕಟ್ಟಿದ್ದಳು. ಅಣ್ಣ ಅದನ್ನು ನೋಡಿ ನಕ್ಕನಂತೆ. ಅವನೇನು ಹೊರಗಿನವನಲ್ಲ ಅಂದನಂತೆ.

ನಾನು ಅವಳಿಗೆ ಧೈರ್ಯ ಹೇಳಿದೆ. ಆದರೆ ಅದೇ ದಿನ ಊಟಕ್ಕೆ ಮುಂಚೆ ಅಣ್ಣನ ಜೊತೆ ಕೆರೆಯ ಏರಿಯ ಮೇಲೆ ನಡೆದು ಬರುತ್ತಿದ್ದಾಗ ಒಂದು ಕಡೆ ದಾರಿ ಕಿರಿದಾಯಿತು. ಅಣ್ಣ ಬಲಕ್ಕೆ ಸರಿದ. ನಾನು ಅವನ ಎಡಕ್ಕೆ ಇದ್ದವಳು ಹಿಂದೆ ಬಿದ್ದೆ, ಯಾರಿಗೋ ಜಾಗ ಬಿಡುವವಳ ಹಾಗೆ. ನಾಲ್ಕು ಹೆಜ್ಜೆ ಹಾಗೆ ನಡೆದ ಮೇಲೆ ನಾನು ಏನು ಮಾಡಿದೆ ಎಂದು ನನಗೇ ಹೊಳೆಯಿತು. ಮುಂದೆ ಹೋಗಿ ಆ ಖಾಲಿ ಜಾಗ ತುಂಬಲು ಕಾಲು ಬರಲಿಲ್ಲ. ಮನೆ ತಲುಪುವ ತನಕ ಹಿಂದೆಯೇ ನಡೆದೆ. ಬಿಸಿಲು ನೆತ್ತಿ ಸುಡುತ್ತಿತ್ತು, ಬೆನ್ನು ಮಾತ್ರ ತಣ್ಣಗಿತ್ತು.

ಹತ್ತು ದಿನವೂ ಆಗಿರಲಿಲ್ಲ. ಬೆಳಿಗ್ಗೆ ಹನ್ನೊಂದೂವರೆಗೆ ಲ್ಯಾಬಿಗೆ ಫೋನ್ ಬಂತು. ವೈನಿ ಪಕ್ಕದ ಮನೆಯಿಂದ ಮಾತಾಡುತ್ತಿದ್ದಳು. ಲಗೂ ಬಾ, ಇವರು ನನ್ನ ಗುರುತು ಹಿಡಿಯಾಕತ್ತಿಲ್ಲ ಅಂದು ಇಟ್ಟುಬಿಟ್ಟಳು. ಆಗಷ್ಟೇ ಲ್ಯಾಬಿಗೆ ಸಕ್ಕರೆ ನೋಡುವ ಕೈಯಂತ್ರ ಬಂದಿತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದೆ.

ಅಣ್ಣ ಅಂಗಳದ ಗೋಡೆಯ ನೆರಳಲ್ಲಿ ಕೂತಿದ್ದ. ಬನಿಯನ್ ಹಿಂಡುವಷ್ಟು ಒದ್ದೆ. ಮುಖ ಸುಣ್ಣ. ಕೈಬೆರಳು ನಡುಗುತ್ತಿದ್ದವು. ಆದರೆ ಮುಖದಲ್ಲಿ ಸಂತೋಷವಿತ್ತು, ಎಷ್ಟೋ ವರ್ಷದ ಮೇಲೆ ಗೆಳೆಯ ಬಂದಾಗ ಇರುವಂಥದು. ಎದುರಿಗೆ ಎರಡು ಲೋಟದಲ್ಲಿ ಚಹ, ಎರಡೂ ಆರಿ ಕೆನೆಗಟ್ಟಿದ್ದವು. ಬೆಳಗಿನ ನಾಷ್ಟಾದ ತಾಟು ಪಕ್ಕದಲ್ಲೇ ಇತ್ತು. ಅದರ ಎಡಗಡೆ ಅರ್ಧ ರೊಟ್ಟಿ, ಒಣಗಿ ಮೇಲಕ್ಕೆ ಮಡಚಿಕೊಂಡಿತ್ತು. ನಾನು ಅವನ ಹತ್ತಿರ ಕೂರಲು ಹೋದೆ.

"ಅಲ್ಲಿ ಬ್ಯಾಡ. ಈ ಕಡೆ ಬಾ," ಅಂದ.

ಅವನ ಬಲಕ್ಕೆ ಕೂತೆ. ಬೆರಳು ಚುಚ್ಚಿದೆ. ಯಂತ್ರ ಮೂವತ್ತೆಂಟು ತೋರಿಸಿತು. ಅಷ್ಟು ಕೆಳಗೆ ಇಳಿದವರು ಮಾತಾಡುವುದೇ ಹೆಚ್ಚು. ವೈನಿಗೆ ಸಕ್ಕರೆ ನೀರು ಮಾಡಿಕೊಂಡು ಬಾ ಅಂದೆ. ಅವಳು ತಂದ ಲೋಟವನ್ನು ಅವನ ತುಟಿಗೆ ಹಿಡಿದೆ. ಗುಟುಕು ಗುಟುಕಾಗಿ ಕುಡಿದ. ಅಷ್ಟು ಹೊತ್ತೂ ಅವನ ಕಣ್ಣು ನನ್ನ ಮೇಲಿರಲಿಲ್ಲ. ತನ್ನ ಎಡ ಭುಜದ ಆಚೆ, ಕೂತ ಮನುಷ್ಯನ ತಲೆ ಇರುವಷ್ಟು ಎತ್ತರದಲ್ಲಿ ನೆಟ್ಟಿತ್ತು.

ಐದಾರು ನಿಮಿಷ ಕಳೆದಿರಬೇಕು. ಅವನ ಬೆವರು ನಿಲ್ಲುತ್ತ ಬಂತು. ಆಗ ಆ ನೋಟ ಮೇಲಕ್ಕೆದ್ದಿತು, ಕೂತವರು ಎದ್ದು ನಿಂತಾಗ ನಾವು ನೋಡುವ ಹಾಗೆ. ಆಮೇಲೆ ಅಂಗಳದ ಉದ್ದಕ್ಕೂ ನಿಧಾನವಾಗಿ ಸರಿಯಿತು, ತುಳಸಿಕಟ್ಟೆ ದಾಟಿ, ನೀರಿನ ಟಾಕಿ ದಾಟಿ, ಗೇಟಿನ ತನಕ. ವೈನಿ ಟಾಕಿಯ ಹತ್ತಿರ ನಿಂತಿದ್ದಳು. ಅವಳೂ ಆ ನೋಟವನ್ನು ಕಂಡಳು. ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟಳು.

"ಹ್ವಾದ," ಅಂದ ಅಣ್ಣ. ಆಮೇಲೆ ನನ್ನನ್ನು ಗುರುತು ಹಿಡಿದ. "ಯಾಕ ಕಳಿಸಿದಿ? ಈಗ ಮಾರಿ ಈ ಕಡೆ ತಿರುಗಸಾಕತ್ತಿದ್ದ."

ಅವತ್ತು ಸಂಜೆ ಡಾಕ್ಟರ ಎದುರು ಎಲ್ಲ ಹೇಳಿದೆ, ಮೊದಲಿನಿಂದ. ಅವರು ಕಣ್ಣು ಮುಚ್ಚಿ ಕೇಳಿದರು. ಗುಳಿಗೆ ಪೂರ್ತಿ ನುಂಗುತ್ತಾನೆ, ಊಟ ಅರ್ಧ ಬಿಡುತ್ತಾನೆ. ಸಕ್ಕರೆ ಕುಸಿಯದೆ ಏನಾಗುತ್ತದೆ ಅಂದರು. ಮಿದುಳಿಗೆ ಸಕ್ಕರೆ ಕಡಿಮೆಯಾದರೂ ಅಷ್ಟೇ, ಮೇಲಿನ ತೆಳು ಗಾಳಿಯಲ್ಲಿ ಉಸಿರು ಕಡಿಮೆಯಾದರೂ ಅಷ್ಟೇ, ಇಲ್ಲದ್ದು ಇದ್ದಂತೆ ಕಾಣುತ್ತದೆ. ಹಸಿದ ಮಿದುಳಿಗೆ ತನ್ನ ನೆರಳೇ ಇನ್ನೊಬ್ಬ. ಅವನು ಕಂಡನೆಂದು ಅಣ್ಣ ಅರ್ಧ ತೆಗೆದಿಡುತ್ತಾನೆ, ಅರ್ಧ ತೆಗೆದಿಟ್ಟನೆಂದು ಅವನು ಮತ್ತೆ ಕಾಣುತ್ತಾನೆ. ಅವರು ಬೆರಳಿನಿಂದ ಮೇಜಿನ ಮೇಲೆ ಒಂದು ಸುತ್ತು ಬರೆದು ತೋರಿಸಿದರು. ಗುಳಿಗೆಯನ್ನು ಅರ್ಧ ಶಕ್ತಿಯದಕ್ಕೆ ಇಳಿಸಿದರು. ಹಳೆಯ ಗುಳಿಗೆಯ ಪಟ್ಟಿಗಳನ್ನು ಮನೆಯಲ್ಲಿ ಇಡಬೇಡಿ, ಅವನು ಪೂರ್ತಿ ಉಣ್ಣುವ ತನಕ ಎದುರಿಗೆ ಕೂತಿರಿ ಎಂದು ಒತ್ತಿ ಹೇಳಿದರು.

ನನಗೆ ಸಮಾಧಾನವಾಯಿತು. ಕಾರಣ ಸಿಕ್ಕರೆ ಹೆದರಿಕೆ ಅರ್ಧ ಇಳಿಯುತ್ತದೆ. ವೈನಿಗೂ ಹಾಗೆಯೇ ಸುತ್ತು ಬರೆದು ತೋರಿಸಿದೆ. ಅವಳು ಗಮನವಿಟ್ಟು ನೋಡಿದಳು.

"ಅದು ಖರೇ ಇರಬೇಕು. ಆದ್ರ ಗುಳಿಗಿ ಮೊದಲ ತಂದದ್ದು ಸೋಮವಾರ ಸಂಜಿಕೆ. ಅವರು ಮೊದಲ ಸಲ ಅರ್ಧಾ ರೊಟ್ಟಿ ಬಿಟ್ಟದ್ದು ಅದ ಸೋಮವಾರ ಮಧ್ಯಾಹ್ನ. ಆ ತಾಟು ನಾನ ಎತ್ತಿಟ್ಟೇನಿ."

ನಾನು ಅವಳಿಗೆ ದಿನ ತಪ್ಪಾಗಿ ನೆನಪಿದೆ ಅಂದೆ. 

ಗುಳಿಗೆ ಇಳಿಸಿದ ಮೇಲೆ ಎಲ್ಲ ಸರಿಹೋಯಿತು. ಅಂಕಿಗಳು ನೆಟ್ಟಗೆ ನಿಂತವು. ಅಣ್ಣ ಪೂರ್ತಿ ಉಣ್ಣತೊಡಗಿದ, ಬಾಗಿಲಲ್ಲಿ ನಿಲ್ಲುವುದು ಬಿಟ್ಟ. ಆದರೆ ಮಂಕಾದ. ಕೆಲಸದಿಂದ ಬಂದವನು ಅಂಗಳದಲ್ಲಿ ಕೂತು ಗೇಟಿನ ಕಡೆ ನೋಡುತ್ತಿದ್ದ, ಯಾರನ್ನೋ ಮನೆಯಿಂದ ಹೊರಗೆ ಹಾಕಿ ಆಮೇಲೆ ಪರಿತಪಿಸುವವನ ಹಾಗೆ. ಬಂಧುಗಳು ಸತ್ತ ಮನೆಯಲ್ಲಿ ಜನ ಹಾಗೆ ಕೂರುವುದನ್ನು ಕಂಡಿದ್ದೇನೆ.

ಆ ಮಳೆಗಾಲದಲ್ಲಿ ವೈನಿ ಅವನ ಸೈನ್ಯದ ಕಬ್ಬಿಣದ ಪೆಟ್ಟಿಗೆ ಒಣಗಿಸಲು ತೆಗೆದಳು. ಉಣ್ಣೆಯ ಕಾಲುಚೀಲದ ಒಳಗೆ ಗುಳಿಗೆಯ ಪಟ್ಟಿಗಳಿದ್ದವು. ನಾವು ಎಸೆದೆವೆಂದುಕೊಂಡಿದ್ದ ಹಳೆಯ ಗುಳಿಗೆ. ಒಂದು ಪಟ್ಟಿಯಲ್ಲಿ ಮೂರು ಖಾಲಿಯಾಗಿದ್ದವು. ವೈನಿ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ನೇರ ಲ್ಯಾಬಿಗೆ ಬಂದಳು. ನನ್ನ ಮೇಜಿನ ಮೇಲೆ ಇಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು.

ಅಣ್ಣನನ್ನು ಕೇಳಲು ನಾನೊಬ್ಬಳೇ ತಾರಿಹಾಳಕ್ಕೆ ಹೋದೆ. ಗೇಟಿನ ಪಕ್ಕದ ಸಣ್ಣ ಕೋಣೆಯಲ್ಲಿ ಕೂತಿದ್ದ. ಒಳಗಿನಿಂದ ಕಬ್ಬಿಣದ ಸದ್ದು ಬರುತ್ತಿತ್ತು. ಪಟ್ಟಿಗಳನ್ನು ತೋರಿಸಿದೆ. ಅವನು ಸುಳ್ಳು ಹೇಳಲಿಲ್ಲ. ಮೂರು ಸಲ ನುಂಗಿ ಬೆಳಿಗ್ಗೆ ಹಸಿದು ಕೂತಿದ್ದನಂತೆ. ಎರಡು ಸಲ ಆ ಎಡಗಡೆಯವನು ಬಂದ. ಮೂರನೆಯ ಸಲ ಬರಲಿಲ್ಲ, ಬರೀ ಕತ್ತಲೆ ಬಂತು. ಎಚ್ಚರವಾದಾಗ ನೆಲದ ಮೇಲಿದ್ದ. ಯಾರಿಗೂ ಹೇಳಿರಲಿಲ್ಲ.

"ಸಾಯಬೇಕಂತ ಮಾಡಿಲ್ಲ," ಅಂದ. "ಆರು ಜೀವ ಉಳಿಸಿದ. ಒಮ್ಮೆ ಮಾರಿ ನೋಡಬೇಕನಸ್ತದ. ಯಾರಂತ ಗೊತ್ತಾಗಬೇಕು."

ನನಗೆ ಸಿಟ್ಟು ಬಂತು, ಅಳುವೂ ಬಂತು.  ನನ್ನ ಬಾಯಿಂದ ಬಂದ ಮಾತು ನಾನು ಯೋಚಿಸಿ ಆಡಿದ್ದಲ್ಲ. "ಅವ ನಿನ್ನ ಅವತ್ತು ನಿಲ್ಲಿಸಿದ್ದು ಬದುಕಲಿ ಅಂತಲ್ಲೇನು ಅಣ್ಣಾ. ಮೂರನೇ ಸಲ ಬರಲಿಲ್ಲಂದ್ರ, ನೀ ಬರಬ್ಯಾಡ ಅಂತನ ಬಂದಿಲ್ಲ."

ಅವನು ನನ್ನನ್ನು ದಿಟ್ಟಿಸಿ ನೋಡಿದ. ಒಬ್ಬ ಲ್ಯಾಬಿನವಳು ಹೀಗೆ ಹೇಳಬಾರದು, ನನಗೆ ಗೊತ್ತು. ಆದರೆ ಡಾಕ್ಟರ ಸುತ್ತು ಅವನಿಗೆ ಮುಟ್ಟಿರಲಿಲ್ಲ, ಇದು ಮುಟ್ಟಿತು. ಅವನು ಅಂಗಿಯ ಜೇಬಿನಿಂದ ಇನ್ನೊಂದು ಪಟ್ಟಿ ತೆಗೆದು ನನ್ನ ಕೈಯಲ್ಲಿಟ್ಟ. ಅದು ಇದ್ದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಶನಿವಾರ ಬೆಳಿಗ್ಗೆ ಲ್ಯಾಬಿಗೆ ಬಂದು ಬೆರಳು ಕೊಡತೊಡಗಿದ. ಆಮೇಲೆ ನನ್ನ ಎದುರಿಗೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ. ವೈನಿಯ ಕಣ್ಣಿನ ಕೆಳಗಿನ ಕಪ್ಪು ಹೋಯಿತು.

ಮೂರು ವರ್ಷ ಕಳೆದಿರಬಹುದು. ಆ ಆರು ಜನರಲ್ಲಿ ಒಬ್ಬರು, ಬೆಳಗಾವಿ ಕಡೆಯವರು, ಅಣ್ಣನನ್ನು ಹುಡುಕಿಕೊಂಡು ಬಂದರು. ಹಗ್ಗದಲ್ಲಿ ಎಲ್ಲರಿಗಿಂತ ಮುಂದಿದ್ದವರು ಅವರೇ. ನಾನೂ ಅಲ್ಲಿದ್ದೆ. ಅವರಿಗೂ ಸಕ್ಕರೆ ಕಾಯಿಲೆ ಬಂದಿತ್ತು. ಅದರ ಬಗ್ಗೆಯೇ ಮೊದಲು ಮಾತು. ಅಣ್ಣ ಕೈ ತೊಳೆಯಲು ಹಿತ್ತಲಿಗೆ ಹೋದಾಗ ನಾನು ತಡೆಯಲಾರದೆ ಆ ಠಾಣೆಯ ಏಳು ಮಗ್ಗುಗಳ ವಿಷಯ ಎತ್ತಿದೆ. ಅವರು ತಲೆ ಅಲ್ಲಾಡಿಸಿದರು, ಹೌದು ಎಂದು.

"ನಿಮ್ಮ ಅಣ್ಣಗ ಎಡಕ್ಕ ಇರತಿದ್ದನಂತ, ಇವತ್ತ ಹೇಳಿದ. ನನಗ ಮುಂದ ಇರತಿದ್ದ ನೋಡ್ರಿ, ನಾಕು ಹೆಜ್ಜಿ ಮುಂದ. ಬೆನ್ನ ಕಾಣತಿತ್ತು."

ಈಗಲೂ ಕಾಣುತ್ತದೆಯೇ ಎಂದು ಕೇಳಿದೆ.  ಅವರು ಜೇಬಿನಿಂದ ತಮ್ಮ ಔಷಧದ ಚೀಟಿ ತೆಗೆದು, ನಾನು ಓದುತ್ತೇನೆಂದು ಗೊತ್ತಿದ್ದವರ ಹಾಗೆ, ನನ್ನ ಮುಂದೆ ಹಿಡಿದರು. ಮೊದಲ ಸಾಲನ್ನು ಅವರ ಡಾಕ್ಟರು ಕೆಂಪು ಶಾಯಿಯಲ್ಲಿ ಹೊಡೆದು, ಕೆಳಗೆ ಅದೇ ಗುಳಿಗೆಯನ್ನು ಅರ್ಧಕ್ಕೆ ಇಳಿಸಿ ಬರೆದಿದ್ದರು.

"ಮನ್ಯಾಗ ಹೇಳಿಲ್ರಿ," ಅಂದರು.

ಅಣ್ಣ ಬಂದ. ವೈನಿ ಬಡಿಸಿದಳು. ಇಬ್ಬರೂ ಹೊಟ್ಟೆ ತುಂಬ ಉಂಡರು. ಮರುದಿನ ಬೆಳಿಗ್ಗೆ ಇಬ್ಬರನ್ನೂ ಲ್ಯಾಬಿಗೆ ಕರೆದುಕೊಂಡು ಹೋಗಿ ರಕ್ತ ನೋಡಿದೆ. ಅಣ್ಣನದು ಸರಿಯಾಗಿತ್ತು. ಅವರದು ಸ್ವಲ್ಪ ಹೆಚ್ಚಿತ್ತು. ಕಡಿಮೆಯಾಗುವುದಕ್ಕಿಂತ ಅದೇ ಒಳ್ಳೆಯದು ಅಂದೆ. ಅವರು ನಕ್ಕು, ಮಧ್ಯಾಹ್ನದ ಬಸ್ಸಿಗೆ ಹೊರಟರು. ಅಣ್ಣ ಅವರನ್ನು ಬಸ್ಸಿಗೆ ಬಿಟ್ಟು ಎರಡನೇ ಪಾಳಿಗೆ ತಾರಿಹಾಳಕ್ಕೆ ಹೋದ.